ವಿದೇಶದಲ್ಲಿ ಗೈಡ್ ಕೆಲಸ: ಮೈಸೂರು, ಮಂಡ್ಯದ ಅನುಭವಿ ಗೈಡುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಶ್ರೀರಂಗಪಟ್ಟಣದ ಗೈಡುಗಳಲ್ಲಿ ನಾಲ್ಕೈದು ಭಾಷೆ ಆಡುವವರಿಗೆ ಕೊರತೆಯಿಲ್ಲ. ಕನ್ನಡ, ಹಿಂದಿ, ತಮಿಳು, ಇಂಗ್ಲಿಷ್ ಹಾಗಿರಲಿ, ಫ್ರೆಂಚ್, ಜರ್ಮನ್, ಜಪಾನೀಸ್ ಕಲಿತು ಆ ಭಾಷೆಯ ಗುಂಪುಗಳನ್ನು ವರ್ಷಗಟ್ಟಲೆ ನಿಭಾಯಿಸಿದವರೂ ಇದ್ದಾರೆ. ಇಂಥವರು ಹೊರದೇಶದ ಕೆಲಸದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವೀಸಾ ನಿಯಮ, ಶುಲ್ಕ ಆಗಾಗ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುನ್ನ ಆಯಾ ದೇಶದ ಸರ್ಕಾರಿ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ನನ್ನ ಹತ್ತಿರ ಪ್ರವಾಸೋದ್ಯಮ ಇಲಾಖೆಯ ಗೈಡ್ ಕಾರ್ಡ್ ಇದೆ. ಅದನ್ನು ತೋರಿಸಿ ಪ್ಯಾರಿಸ್‌ನಲ್ಲೋ ರೋಮ್‌ನಲ್ಲೋ ಗೈಡ್ ಆಗಬಹುದೇ?

ಆಗೋದಿಲ್ಲ. ಗೈಡ್ ಲೈಸೆನ್ಸ್ ಎಲ್ಲಿಯೂ ಆಯಾ ನೆಲಕ್ಕೆ ಸೇರಿದ್ದು. ಇಟಲಿಯಲ್ಲಿ ಗೈಡ್ ಆಗಲು ಸರ್ಕಾರಿ ಪರೀಕ್ಷೆ ಪಾಸಾಗಬೇಕು. 2023ರ ಕೊನೆಯಲ್ಲಿ ಬಂದ ಕಾನೂನು ಅದನ್ನು ಇಡೀ ದೇಶಕ್ಕೆ ಒಂದೇ ಪರೀಕ್ಷೆ ಮಾಡಿತು. ಫ್ರಾನ್ಸ್‌ನಲ್ಲಿ ಮ್ಯೂಸಿಯಂ, ಸ್ಮಾರಕಗಳೊಳಗೆ ಗುಂಪಿಗೆ ವಿವರಿಸುವವರಿಗೆ ವೃತ್ತಿ ಕಾರ್ಡ್ ಬೇಕು, ಅದಕ್ಕೆ ನಿಗದಿಯಾದ ವಿದ್ಯಾರ್ಹತೆಯೂ ಇದೆ. ಆಸ್ಟ್ರಿಯಾ, ಗ್ರೀಸ್ ಕೂಡ ಕಟ್ಟುನಿಟ್ಟು. ಥಾಯ್ಲೆಂಡ್ ಅಂತೂ ವಿದೇಶಿಯರು ಮಾಡಕೂಡದ ಕೆಲಸಗಳ ಪಟ್ಟಿಯಲ್ಲಿ ಗೈಡ್ ಕೆಲಸವನ್ನೇ ಸೇರಿಸಿದೆ. ಬ್ಯಾಂಕಾಕ್‌ನಲ್ಲಿ ಗೈಡ್ ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಅವರ ಮಾತು ಅಲ್ಲಿಗೇ ಸಾಕು.

ಎಲ್ಲ ಕಡೆಯೂ ಹೀಗೇ ಅಂತಲ್ಲ. ಜರ್ಮನಿಯಲ್ಲಿ ಗೈಡ್ ಕೆಲಸಕ್ಕೆ ಲೈಸೆನ್ಸ್ ಬೇಡ. ಜಪಾನ್ 2018ರ ಜನವರಿಯಲ್ಲಿ ಕಾನೂನು ಸಡಿಲಿಸಿ, ಲೈಸೆನ್ಸ್ ಇಲ್ಲದವರೂ ಹಣ ಪಡೆದು ಗೈಡ್ ಮಾಡಬಹುದು ಎಂದಿತು. ಬ್ರಿಟನ್‌ನ ಪರಿಣತ ಗೈಡುಗಳಿಗೆ ಸಿಗುವ ನೀಲಿ ಬ್ಯಾಡ್ಜ್ ಬಹಳ ಗೌರವದ್ದು, ಆದರೆ ಬೀದಿಯಲ್ಲಿ ಗುಂಪು ನಡೆಸುವುದಕ್ಕೆ ಅದು ಕಡ್ಡಾಯವಲ್ಲ. ಅಂಥ ಕಡೆ ತೊಡಕಾಗುವುದು ಲೈಸೆನ್ಸ್ ಅಲ್ಲ, ಕೆಲಸದ ವೀಸಾ.

ಹಾಗಾದರೆ ನಮ್ಮಂಥವರಿಗೆ ಹೊರಗೆ ಯಾವ ಕೆಲಸ ಇದೆ?

ನೇರವಾಗಿ ಹೇಳಬೇಕೆಂದರೆ, ರೋಮ್‌ನ ಕಲ್ಲುಗಳ ಕಥೆ ಹೇಳಲು ರೋಮ್‌ನವರಿಗೆ ನೀವು ಬೇಕಿಲ್ಲ. ಅರಮನೆ 1912ರಲ್ಲಿ ಮುಗಿಯಿತು, ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು ಅನ್ನುವ ನಿಮ್ಮ ಜ್ಞಾನಕ್ಕೆ ಮೈಸೂರಿನಾಚೆ ಗಿರಾಕಿ ಕಡಿಮೆ. ನಿಮ್ಮ ಜೊತೆ ವಿಮಾನ ಹತ್ತುವುದು ಎರಡೇ: ಭಾಷೆ, ಮತ್ತು ನಲವತ್ತು ಜನರನ್ನು ಮುನಿಸಿಲ್ಲದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕಲೆ. ಇವೆರಡಕ್ಕೂ ಬೇಡಿಕೆ ಇರುವ ಜಾಗಗಳನ್ನು ಹುಡುಕಿ.

ಭಾರತದಿಂದ ಗುಂಪು ಕರೆದೊಯ್ಯುವ ಕಂಪನಿಗಳ ಟೂರ್ ಮ್ಯಾನೇಜರ್ ಕೆಲಸವೇ ನನ್ನ ಲೆಕ್ಕದಲ್ಲಿ ಮೊದಲ ಬಾಗಿಲು. ಆಮೇಲೆ ಕ್ರೂಸ್ ಹಡಗುಗಳು, ದುಬೈ ಕಡೆಯ ಟೂರ್ ಕಂಪನಿಗಳು, ದೊಡ್ಡ ಹೋಟೆಲುಗಳ ಗೆಸ್ಟ್ ರಿಲೇಶನ್ಸ್, ಮತ್ತು ಹೊರದೇಶದಲ್ಲಿ ಭಾರತೀಯ ಗುಂಪುಗಳಿಗೆ ಬಸ್ಸು, ಊಟ, ಹೋಟೆಲ್ ಹೊಂದಿಸುವ ಡಿಎಂಸಿ ಕಚೇರಿಗಳು. ಡಿಎಂಸಿ ಕೆಲಸಕ್ಕೆ ಹೆಸರು ಕಡಿಮೆ, ಆದರೆ ಖಾಯಂ ಸಂಬಳದ ಕೆಲಸ.

ಟೂರ್ ಮ್ಯಾನೇಜರ್ ಕೆಲಸ ಗೈಡ್ ಕೆಲಸಕ್ಕಿಂತ ಹೇಗೆ ಬೇರೆ? ನನಗೆ ಒಗ್ಗುತ್ತದೆಯೇ?

ಗೈಡ್ ಒಂದು ಊರನ್ನು ತೋರಿಸುತ್ತಾನೆ, ಟೂರ್ ಮ್ಯಾನೇಜರ್ ಇಡೀ ಪ್ರವಾಸ ನಡೆಸುತ್ತಾನೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಗುಗಳಿಗೆ ಟ್ಯಾಗ್ ಕಟ್ಟುವುದರಿಂದ ಹಿಡಿದು, ಪ್ಯಾರಿಸ್‌ನ ಹೋಟೆಲಿನಲ್ಲಿ ರೂಮ್ ಕೀ ಹಂಚಿ, ರಾತ್ರಿ ಹನ್ನೊಂದಕ್ಕೆ "ಬಾತ್‌ರೂಮಿನಲ್ಲಿ ಮಗ್ ಇಲ್ಲ ಸಾರ್" ಎಂಬ ಫೋನಿಗೆ ಓಗೊಡುವವರೆಗೆ ಎಲ್ಲವೂ ನಿಮ್ಮದೇ. ಜೈನ ಊಟ ಕೇಳಿದವರಿಗೆ ಈರುಳ್ಳಿ ಬಿದ್ದರೂ ನಿಮ್ಮ ತಲೆಗೇ. ಅಲ್ಲಿನ ಸ್ಮಾರಕದ ವಿವರಣೆ ಕೊಡುವವರು ಸ್ಥಳೀಯ ಲೈಸೆನ್ಸ್ ಗೈಡ್. ಕೊಲೋಸಿಯಂ ಮುಂದೆ ಉತ್ಸಾಹದಿಂದ ನೀವೇ ಭಾಷಣ ಶುರುಮಾಡಿದರೆ ದಂಡ ಬೀಳಬಹುದು. ಗುಂಪಿನ ಜೊತೆ ನಿಂತು, ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಜ್ಜಿ ತಾತಂದಿರಿಗೆ ಕನ್ನಡದಲ್ಲೋ ಹಿಂದಿಯಲ್ಲೋ ಮೆಲ್ಲಗೆ ದಾಟಿಸುವುದು ನಿಮ್ಮ ಪಾಲು.

ನಮ್ಮ ಕಡೆಯ ಗೈಡುಗಳಿಗೆ ಮೊದಲ ಪ್ರವಾಸದಲ್ಲಿ ಕಷ್ಟವಾಗುವುದು ಯುರೋಪಿನ ಡ್ರೈವರ್ ನಿಯಮ. ಇಲ್ಲಿ ಬೆಳಗಿನ ಜಾವ ಹೊರಟು ಊಟಿ ತೋರಿಸಿ ರಾತ್ರಿಯೇ ವಾಪಸ್ ಬರುವ ಡ್ರೈವರಣ್ಣಂದಿರನ್ನು ನೋಡಿ ನಮಗೆ ಅಭ್ಯಾಸ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ರಾತ್ರಿ 11 ಗಂಟೆ ವಿಶ್ರಾಂತಿ ಬೇಕು. ಬಸ್ಸಿನಲ್ಲಿರುವ ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ, ಪೊಲೀಸರು ಅದನ್ನು ತೆಗೆದು ನೋಡುತ್ತಾರೆ. ಶಾಪಿಂಗ್‌ನಲ್ಲಿ ಗುಂಪು ಒಂದು ಗಂಟೆ ತಡಮಾಡಿದರೆ ಸಂಜೆಯ ಕಾರ್ಯಕ್ರಮವೇ ಹೋಗುತ್ತದೆ, ಟಿಪ್ಸ್ ಕೊಡುತ್ತೇನೆ ಅಂದರೂ ಡ್ರೈವರ್ ಕೀ ತಿರುಗಿಸುವುದಿಲ್ಲ. ಇದನ್ನು ಗುಂಪಿಗೆ ಮೊದಲ ದಿನವೇ ನಗುನಗುತ್ತಾ ಹೇಳಿಬಿಡುವವನು ಉಳಿದುಕೊಳ್ಳುತ್ತಾನೆ.

ಈ ಕೆಲಸದಲ್ಲಿ ಫ್ರೆಂಚ್‌ಗಿಂತ ಹಿಂದಿ, ಗುಜರಾತಿ, ಮರಾಠಿಗೆ ಬೆಲೆ. ಕನ್ನಡ, ತಮಿಳು, ತೆಲುಗು ಮಾತನಾಡುವ ಹಿರಿಯರ ಗುಂಪುಗಳೂ ಈಗ ಹೊರಡುತ್ತವೆ. ಫ್ರೆಂಚ್ ಗೊತ್ತಿದ್ದರೆ ಹೋಟೆಲ್ ರಿಸೆಪ್ಷನ್‌ನಲ್ಲಿ, ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ ನೀವೇ ರಾಜ.

ಸೀಸನ್ ಹೇಗೆ? ದಸರಾ ಬಿಟ್ಟು ಹೋಗಬೇಕಾಗುತ್ತದೆಯೇ?

ಬೇಕಾಗದೇ ಇರಬಹುದು. ಭಾರತೀಯರ ಯುರೋಪ್ ಗುಂಪುಗಳು ಹೆಚ್ಚಾಗಿ ಹೊರಡುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ಏಪ್ರಿಲ್‌ನಿಂದ ಜೂನ್‌ವರೆಗೆ. ನಮ್ಮ ಕಡೆಗೆ ಫ್ರೆಂಚ್, ಜರ್ಮನ್ ಗುಂಪುಗಳು ಬರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಎರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಹಾಗಾಗಿ ಮೈಸೂರು ಬಿಟ್ಟು ಹೊರದೇಶದಲ್ಲಿ ನೆಲೆಸಲೇಬೇಕು ಅನ್ನುವ ಹಠ ಇಲ್ಲದವರಿಗೆ, ಬೇಸಿಗೆಯಲ್ಲಿ ಅಲ್ಲಿ, ಚಳಿಗಾಲದಲ್ಲಿ ಇಲ್ಲಿ ಅನ್ನುವುದು ಎಲ್ಲಕ್ಕಿಂತ ಲಾಭದ ದಾರಿ ಎಂದು ನನ್ನ ಅಭಿಪ್ರಾಯ.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು ಎಂಬುದು ನೆನಪಿರಲಿ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ನಿಯಮ ಸ್ವಲ್ಪ ಸಡಿಲವಾಯಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ, ಆಮೇಲೆ ಪಾಸ್‌ಪೋರ್ಟ್ ಅವಧಿ ಇದ್ದರೆ ಐದು ವರ್ಷದ್ದು ಸಿಗುವ ಅವಕಾಶ ಇದೆ. ಟೂರ್ ಮ್ಯಾನೇಜರ್ ಆಗುವವರು ಹಳೆಯ ವೀಸಾ ಇರುವ ಪಾಸ್‌ಪೋರ್ಟ್ ಎಸೆಯಬೇಡಿ.

ನನಗೆ ಫ್ರೆಂಚ್ ಚೆನ್ನಾಗಿ ಬರುತ್ತದೆ, ಸರ್ಟಿಫಿಕೇಟ್ ಇಲ್ಲ. ಮಾತಾಡಿ ತೋರಿಸಿದರೆ ಸಾಲದೇ?

ಇಂಟರ್‌ವ್ಯೂ ತನಕ ಹೋದರೆ ಸಾಕು. ಆದರೆ ಅಲ್ಲಿಯವರೆಗೆ ಹೋಗಬೇಕಲ್ಲ! ಸಿ.ವಿ.ಯಲ್ಲಿ "ಫ್ರೆಂಚ್: ಚೆನ್ನಾಗಿ" ಎಂದು ಬರೆದ ನೂರು ಜನರ ನಡುವೆ ನಿಮ್ಮನ್ನು ಎತ್ತಿ ತೆಗೆಯುವುದು ಮಟ್ಟ. ಯುರೋಪಿನ ಲೆಕ್ಕದಲ್ಲಿ ಎ1ರಿಂದ ಸಿ2ರವರೆಗೆ ಆರು ಮಟ್ಟ. ಗುಂಪು ನಡೆಸುವವರಿಗೆ ಬಿ2 ಇದ್ದರೆ ಮಾತು ಶುರುವಾಗುತ್ತದೆ. ಫ್ರೆಂಚ್‌ಗೆ ಡೆಲ್ಫ್ ಪರೀಕ್ಷೆಯನ್ನು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ, ಜರ್ಮನ್ ಪರೀಕ್ಷೆಯನ್ನು ಅಲ್ಲಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆಯಬಹುದು. ಡೆಲ್ಫ್ ಒಮ್ಮೆ ಪಾಸಾದರೆ ಜೀವಮಾನ ಪೂರ್ತಿ ನಡೆಯುತ್ತದೆ. ಇಂಗ್ಲಿಷಿನ ಐಇಎಲ್‌ಟಿಎಸ್ ಫಲಿತಾಂಶಕ್ಕೆ ಎರಡೇ ವರ್ಷ ಆಯುಷ್ಯ, ಆದ್ದರಿಂದ ಅದನ್ನು ಕೊನೆಗೆ ಬರೆಯಿರಿ.

ಜಪಾನೀಸ್‌ನವರಿಗೆ ಜೆಎಲ್‌ಪಿಟಿ ಪರೀಕ್ಷೆ, ಕೆಳಗಿನ ಮಟ್ಟ ಎನ್5ರಿಂದ ಮೇಲಿನ ಎನ್1ರವರೆಗೆ. ಜುಲೈ, ಡಿಸೆಂಬರ್‌ನಲ್ಲಿ ನಡೆಯುತ್ತದೆ. ಜಪಾನಿನ ಕಂಪನಿಗಳು ಸಾಮಾನ್ಯವಾಗಿ ಎನ್2 ಕೇಳುತ್ತವೆ. ಈ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲ. ಓದಿ ಎನ್2 ಮಾಡಿಕೊಂಡು ಬಾಯಿ ಬಿಡದವರು ಬಹಳ ಜನ ಇರುವುದರಿಂದ, ನಿಜವಾಗಿ ಮಾತನಾಡುವ ಗೈಡ್‌ಗೆ ಇಲ್ಲಿ ಒಂದು ಕೈ ಮೇಲು. ವಿಡಿಯೋ ಮಾಡಿ ತೋರಿಸಿ.

ಅಂಗಡಿಯಲ್ಲಿ ವ್ಯಾಪಾರ ಕುದುರಿಸುವಷ್ಟು ರಷ್ಯನ್, ಇಟಾಲಿಯನ್ ಬರುತ್ತದೆ ಅಂತ ಆರೇಳು ಭಾಷೆ ಪಟ್ಟಿ ಮಾಡಬೇಡಿ. ಇಂಟರ್‌ವ್ಯೂನಲ್ಲಿ ಯಾರಾದರೂ ಎರಡನೇ ವಾಕ್ಯ ಕೇಳಿದರೆ ಉಳಿದ ಭಾಷೆಗಳ ಮೇಲೂ ಅನುಮಾನ ಬರುತ್ತದೆ.

ಅನುಭವ ಪತ್ರ ಎಲ್ಲಿಂದ ತರಲಿ? ನಾನು ಯಾವ ಕಂಪನಿಯಲ್ಲೂ ಕೆಲಸ ಮಾಡಿಲ್ಲ, ಎಲ್ಲ ಫ್ರೀಲಾನ್ಸ್.

ಅನುಭವಿ ಗೈಡುಗಳ ಗಾಡಿ ನಿಲ್ಲುವುದು ಇಲ್ಲೇ. ಇಪ್ಪತ್ತು ವರ್ಷ ದುಡಿದವನ ಬಳಿ ಕಾಗದ ಒಂದೂ ಇರುವುದಿಲ್ಲ, ಎರಡು ವರ್ಷ ಹೋಟೆಲ್ ರಿಸೆಪ್ಷನ್‌ನಲ್ಲಿ ಕೂತವನ ಬಳಿ ಫೈಲ್ ಇರುತ್ತದೆ. ವೀಸಾ ಅಧಿಕಾರಿಗೆ ಫೈಲ್ ಕಾಣುತ್ತದೆ, ನಿಮ್ಮ ಇಪ್ಪತ್ತು ವರ್ಷ ಕಾಣುವುದಿಲ್ಲ.

ಮೊದಲಿಗೆ ನಿಮಗೆ ನಿಯಮಿತವಾಗಿ ಗುಂಪು ಕೊಡುವ ಬೆಂಗಳೂರು, ಚೆನ್ನೈ, ಕೊಚ್ಚಿಯ ಟ್ರಾವೆಲ್ ಏಜೆನ್ಸಿಗಳಿಂದ ಲೆಟರ್‌ಹೆಡ್ ಮೇಲೆ ಪತ್ರ ಪಡೆಯಿರಿ. "ಇವರು ಒಳ್ಳೆಯವರು, ಶ್ರಮಜೀವಿ" ಎಂಬ ಪತ್ರ ಯಾವ ಕೆಲಸಕ್ಕೂ ಬಾರದು. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಭಾಷೆಯ ಗುಂಪು, ಸುಮಾರು ಎಷ್ಟು ಜನರ ಗುಂಪು, ಯಾವ ಮಾರ್ಗ, ಹಣ ಹೇಗೆ ಪಾವತಿಸಿದರು ಎಂಬುದಿರಬೇಕು. ಸಹಿ ಹಾಕಿದವರ ಹುದ್ದೆ, ಕಚೇರಿ ಇಮೇಲ್ ಕೂಡ. ಜಿಮೇಲ್ ವಿಳಾಸದ ಪತ್ರವನ್ನು ಹೊರಗಿನವರು ಅನುಮಾನದಿಂದ ನೋಡುತ್ತಾರೆ.

ಎರಡನೆಯದು ತೆರಿಗೆ. ಏಜೆನ್ಸಿಗಳು ನಿಮ್ಮ ಬಿಲ್ಲಿನಲ್ಲಿ ಟಿಡಿಎಸ್ ಮುರಿದುಕೊಂಡಿದ್ದರೆ ಅದು ಆದಾಯ ತೆರಿಗೆ ಇಲಾಖೆಯ ಫಾರ್ಮ್ 26ಎಎಸ್‌ನಲ್ಲಿ ವರ್ಷವಾರು ಸಿಗುತ್ತದೆ. ಕೊಟ್ಟವರ ಹೆಸರು, ತಾರೀಕು, ಮೊತ್ತ, ಎಲ್ಲ ಸರ್ಕಾರದ ದಾಖಲೆ. ಇದಕ್ಕಿಂತ ಗಟ್ಟಿಯಾದ ಅನುಭವ ಪತ್ರ ಇಲ್ಲ. ಕೈಗೆ ನಗದು ಪಡೆದು ರಿಟರ್ನ್ಸ್ ಹಾಕದವರು ಈಗಿನಿಂದಲಾದರೂ ಹಾಕಿ.

ಹಳೆಯ ಡ್ಯೂಟಿ ಸ್ಲಿಪ್, ವೋಚರ್, ಗುಂಪಿನ ಪಟ್ಟಿ, ಪ್ರವಾಸಿಗರು ಬರೆದ ಪತ್ರ, ಆನ್‌ಲೈನ್ ವಿಮರ್ಶೆಯಲ್ಲಿ ನಿಮ್ಮ ಹೆಸರು ಬಂದ ಪುಟ, ಇವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಪ್ರವಾಸಿಗರ ಪಾಸ್‌ಪೋರ್ಟ್ ನಂಬರ್ ಇರುವ ಪಟ್ಟಿಯನ್ನು ಮಾತ್ರ ಹಾಗೇ ಯಾರಿಗೂ ಕಳಿಸಬೇಡಿ. ನಂಬರ್ ಮುಚ್ಚಿ ಕಳಿಸಿ, ಅದು ನಿಮ್ಮ ವೃತ್ತಿಯ ಶಿಸ್ತನ್ನೂ ತೋರಿಸುತ್ತದೆ.

ವಿಡಿಯೋ ಅಂದಿರಿ. ಅದರಲ್ಲಿ ಏನು ತೋರಿಸಬೇಕು?

ಎರಡು ನಿಮಿಷದೊಳಗಿನ ಒಂದೊಂದು ತುಣುಕು, ಪ್ರತಿ ಭಾಷೆಗೂ ಬೇರೆ. ಅರಮನೆಯ ಮುಂದೆ ನಿಂತು ಇಸವಿ ಒಪ್ಪಿಸಬೇಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಪಶ್ಚಿಮದ ಗೋಡೆ ನಿಮಗೆ ಗೊತ್ತೇ ಇದೆ, 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಅದರ ನಡುವೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೈಲಿಯನ್ನು ತೋರಿಸಿ ಶುರು ಮಾಡಿ. ಸುತ್ತ ಸಾವಿರ ಕುದುರೆ, ಕತ್ತಿ, ಹೊಗೆ, ನಡುವೆ ಒಬ್ಬ ಮನುಷ್ಯ ಉಗುರು ಕಚ್ಚುತ್ತಾ ಕೂತಿದ್ದಾನೆ. ಕೇಳುವವರು ಯಾವ ದೇಶದವರೇ ಆಗಲಿ, ಅಲ್ಲಿ ನಗುತ್ತಾರೆ, ಆಮೇಲೆ ಹತ್ತಿರ ಬರುತ್ತಾರೆ. ಸೋಮನಾಥಪುರವಾದರೆ ಶಿಲ್ಪಿ ಮಲ್ಲಿತಮ್ಮ ತನ್ನ ಮೂರ್ತಿಗಳ ಕೆಳಗೆ ಕೊರೆದ ಹೆಸರು. ಹದಿಮೂರನೇ ಶತಮಾನದ ದೇವಾಲಯದಲ್ಲಿ ಶಿಲ್ಪಿಯ ಸಹಿ ಇದೆ ಎಂದರೆ ಯುರೋಪಿನವರು ತಟ್ಟನೆ ತಿರುಗಿ ನೋಡುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದು ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದರಿಂದ ಹೆಸರು ಹೇಳಿದರೆ ಗುರುತೂ ಸಿಗುತ್ತದೆ.

ಕಂಪನಿಯವರಿಗೆ ಬೇಕಿರುವುದು ಇತಿಹಾಸದ ಪಾಠ ಅಲ್ಲ. ನೀವು ಎಲ್ಲಿ ನಿಲ್ಲುತ್ತೀರಿ, ಗುಂಪಿನ ಕಡೆ ನೋಡುತ್ತೀರೋ ಗೋಡೆ ಕಡೆ ನೋಡುತ್ತೀರೋ, ದನಿ ಹಿಂದಿನ ಸಾಲಿಗೆ ಕೇಳುತ್ತದೆಯೋ ಎಂಬುದನ್ನು ಅಳೆಯುತ್ತಾರೆ. ಕ್ಯಾಮೆರಾಕ್ಕೆ ಅನುಮತಿ ಇರುವ ಜಾಗದಲ್ಲಿ ಮಾತ್ರ ತೆಗೆಯಿರಿ.

ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ?

ಸ್ಮಾರಕದ ಬಗ್ಗೆ ಕಡಿಮೆ, ಅನಾಹುತದ ಬಗ್ಗೆ ಜಾಸ್ತಿ. "ರೋಮ್‌ನಲ್ಲಿ ನಿಮ್ಮ ಗುಂಪಿನ ಒಬ್ಬರ ಪಾಸ್‌ಪೋರ್ಟ್ ಕಳುವಾಯಿತು, ನಾಳೆ ಬೆಳಿಗ್ಗೆ ಬಸ್ಸು ಸ್ವಿಟ್ಜರ್ಲೆಂಡಿಗೆ. ಏನು ಮಾಡುತ್ತೀರಿ?" ಪೊಲೀಸ್ ದೂರಿನ ಪ್ರತಿ, ಭಾರತೀಯ ರಾಯಭಾರ ಕಚೇರಿ, ಭಾರತಕ್ಕೆ ವಾಪಸಾಗಲು ಅವರು ಕೊಡುವ ತುರ್ತು ಪ್ರಮಾಣಪತ್ರ, ಕಂಪನಿಯ ತುರ್ತು ನಂಬರ್, ಜೊತೆಗೆ ಉಳಿಯುವ ಮನೆಯವರು ಯಾರು, ಉಳಿದ 39 ಜನರನ್ನು ಯಾರು ಕರೆದೊಯ್ಯುತ್ತಾರೆ, ಇಷ್ಟೂ ನಿಮ್ಮ ಬಾಯಲ್ಲಿ ಕ್ರಮವಾಗಿ ಬರಬೇಕು. ಮಿಕ್ಕವರನ್ನು ಕಾಯಿಸಿ ನಿಲ್ಲಿಸುತ್ತೇನೆ ಎಂದವರಿಗೆ ಕೆಲಸ ಸಿಗುವುದಿಲ್ಲ.

ಶಾಪಿಂಗ್ ಕಮಿಷನ್ ಬಗ್ಗೆಯೂ ಕೇಳಬಹುದು. ರೇಷ್ಮೆ, ಗಂಧದ ಅಂಗಡಿಗಳಿಗೆ ಗುಂಪು ಇಳಿಸಿ ಪಾಲು ಪಡೆಯುವ ಪದ್ಧತಿ ನಮ್ಮಲ್ಲಿ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಹೊರಗಿನ ಹಲವು ಕಂಪನಿಗಳಲ್ಲಿ ಹೇಳದೆ ಪಡೆದರೆ ಅದೇ ದಿನ ಮನೆಗೆ ಕಳಿಸುತ್ತಾರೆ. ಕಂಪನಿಯ ನಿಯಮ ಏನು ಎಂದು ನೀವೇ ಮೊದಲು ಕೇಳಿಬಿಡಿ.

ದುಬೈನಲ್ಲಿ ಹೇಗೆ?

ಹತ್ತಿರ, ಭಾರತೀಯ ಪ್ರವಾಸಿಗರು ತುಂಬ, ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಆದರೆ ಅಲ್ಲಿಯೂ ಗೈಡ್ ಲೈಸೆನ್ಸ್ ಇದೆ. ದುಬೈಗೆ ದುಬೈನ ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆಯದು, ಅಬುಧಾಬಿಗೆ ಅಬುಧಾಬಿಯದು. ಕೆಲಸ ಕೊಡುವ ಕಂಪನಿ ನಿವಾಸ ವೀಸಾ ಮಾಡಿಸಿ, ತರಬೇತಿ, ಲೈಸೆನ್ಸ್ ಮಾಡಿಸುತ್ತದೆಯೇ ಎಂದು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹಾಕುವಂತಿಲ್ಲ.

ಬೇಸಿಗೆಯಲ್ಲಿ ಮರಳುಗಾಡಿನ ಸಫಾರಿ ತಣ್ಣಗಾಗುತ್ತದೆ, ಬಿಸಿಲಂತೂ ಅಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಅನ್ನುವ ಕಡೆ ಆ ತಿಂಗಳುಗಳಲ್ಲಿ ಕನಿಷ್ಠ ಎಷ್ಟು ಎಂಬುದನ್ನು ಕೇಳಿ.

ಕ್ರೂಸ್ ಹಡಗಿನ ಕೆಲಸಕ್ಕೆ ಏಜೆಂಟ್ ಎರಡು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?

ಬೇಡ. ಭಾರತ 2015ರಲ್ಲಿ ಒಪ್ಪಿಕೊಂಡ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ನಾವಿಕರಿಂದ ನೇಮಕಾತಿ ಶುಲ್ಕ ಪಡೆಯುವಂತೆಯೇ ಇಲ್ಲ. ಹಡಗಿನ ಮೇಲೆ ಪ್ರವಾಸಿಗರನ್ನು ನೋಡಿಕೊಳ್ಳುವವನೂ ಕಾನೂನಿನ ಕಣ್ಣಲ್ಲಿ ನಾವಿಕನೇ. ನಾವಿಕರ ನೇಮಕಾತಿಗೆ ಹಡಗು ನಿರ್ದೇಶನಾಲಯ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರುವ ಏಜೆನ್ಸಿಯ ಮೂಲಕವೇ ಹೋಗಿ, ಪಟ್ಟಿ ನಿರ್ದೇಶನಾಲಯದ ಜಾಲತಾಣದಲ್ಲಿದೆ. ನಿಮ್ಮ ಖರ್ಚಿಗೆ ಬರುವುದು ಪಾಸ್‌ಪೋರ್ಟ್, ಸಿಡಿಸಿ ಎಂಬ ನಾವಿಕರ ಪುಸ್ತಕ, ಎಸ್‌ಟಿಸಿಡಬ್ಲ್ಯು ಎಂಬ ಸುರಕ್ಷತಾ ತರಬೇತಿಯಂಥವು.

ಹಡಗಿನಲ್ಲಿ ಬಹುಭಾಷಿಕರಿಗೆ ಒಳ್ಳೆಯ ಜಾಗ ಎಂದರೆ ದಡದ ಪ್ರವಾಸಗಳ ಡೆಸ್ಕ್ ಮತ್ತು ಗೆಸ್ಟ್ ಸರ್ವಿಸ್. ಕಾಂಟ್ರ್ಯಾಕ್ಟ್ ಸಾಮಾನ್ಯವಾಗಿ 6ರಿಂದ 9 ತಿಂಗಳು, ವಾರದ ರಜೆ ಅನ್ನುವ ಮಾತಿಲ್ಲ, ಕ್ಯಾಬಿನ್ ಹಂಚಿಕೊಳ್ಳಬೇಕು. ಮುದ್ದೆ ಸಿಗೋದಿಲ್ಲ.

ಜರ್ಮನಿಯ ಅವಕಾಶ ಕಾರ್ಡ್ ಗೈಡುಗಳಿಗೂ ಸಿಗುತ್ತದೆಯೇ?

2024ರ ಜೂನ್‌ನಲ್ಲಿ ಶುರುವಾದ ಈ ಕಾರ್ಡ್ ಕೆಲಸ ಹುಡುಕಲು ಒಂದು ವರ್ಷ ಅಲ್ಲಿರಲು ಬಿಡುತ್ತದೆ. ಪದವಿ ಅಥವಾ ಎರಡು ವರ್ಷದ ಮಾನ್ಯ ವೃತ್ತಿ ತರಬೇತಿ, ಜರ್ಮನ್ ಎ1 ಇಲ್ಲವೇ ಇಂಗ್ಲಿಷ್ ಬಿ2, ಮತ್ತು ವಯಸ್ಸು, ಅನುಭವ, ಭಾಷೆಗೆ ಸಿಗುವ ಅಂಕಗಳಲ್ಲಿ ಕನಿಷ್ಠ 6 ಬೇಕು. ಖರ್ಚಿಗೆ ತಿಂಗಳಿಗೆ ಸಾವಿರ ಯೂರೋಗಿಂತ ಸ್ವಲ್ಪ ಹೆಚ್ಚು ಹಣ ಇದೆ ಎಂದೂ ತೋರಿಸಬೇಕು. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ಆಮೇಲೆ ಉಳಿಯಬೇಕಾದರೆ ಪದವಿಯನ್ನೋ ತರಬೇತಿಯನ್ನೋ ಬೇಡುವ ಮಟ್ಟದ ಕೆಲಸ ಸಿಗಬೇಕು. ಬೀದಿ ಗೈಡ್ ಕೆಲಸ ಅದರಲ್ಲಿ ಸೇರುವುದು ಕಷ್ಟ, ಟ್ರಾವೆಲ್ ಕಂಪನಿಯ ಭಾರತ ವಿಭಾಗದ ಹುದ್ದೆ ಸೇರಬಹುದು. ಪದವಿ ಇಲ್ಲದೆ ಅನುಭವ ಮಾತ್ರ ಇರುವವರು ಈ ದಾರಿ ಬಿಡಿ.

ವಯಸ್ಸು ಅಡ್ಡ ಬರುತ್ತದೆಯೇ?

ಟೂರ್ ಮ್ಯಾನೇಜರ್ ಕೆಲಸಕ್ಕೆ ನರೆಗೂದಲು ಲಾಭವೇ, ಹಿರಿಯ ಪ್ರವಾಸಿಗರು ನಂಬುತ್ತಾರೆ. ಮೂವತ್ತರೊಳಗಿನವರಿಗೆ ಮಾತ್ರ ಎರಡು ವಿಶೇಷ ದಾರಿ ಇವೆ. ಬ್ರಿಟನ್‌ನ ಯುವ ವೃತ್ತಿಪರರ ಯೋಜನೆ 18ರಿಂದ 30 ವರ್ಷದ ಪದವೀಧರ ಭಾರತೀಯರಿಗೆ ಲಾಟರಿ ಮೂಲಕ ಎರಡು ವರ್ಷದ ವೀಸಾ ಕೊಡುತ್ತದೆ, ಕೆಲಸ ಮೊದಲೇ ಸಿಕ್ಕಿರಬೇಕಿಲ್ಲ. ಆಸ್ಟ್ರೇಲಿಯಾ 2024ರಿಂದ ಭಾರತೀಯರಿಗೆ ಒಂದು ವರ್ಷದ ಕೆಲಸ ಮತ್ತು ರಜೆ ವೀಸಾ ತೆರೆದಿದೆ, ವರ್ಷಕ್ಕೆ 1,000 ಜನ, ಅದೂ ಲಾಟರಿ. ನಿಮಗೆ ವಯಸ್ಸು ದಾಟಿದ್ದರೆ ಜೊತೆಗೆ ಕೆಲಸ ಕಲಿಯುವ ತಮ್ಮಂದಿರಿಗೆ, ತಂಗಿಯರಿಗೆ ಹೇಳಿ.

ಪಾಸ್‌ಪೋರ್ಟ್‌ನಲ್ಲಿ ನನ್ನದು ಒಂದೇ ಹೆಸರು. ತೊಂದರೆಯೇ?

ಹೌದು, ಇದು ನಮ್ಮ ಕಡೆಯವರ ಖಾಯಂ ತೊಂದರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಬೇರೆ ರೀತಿ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡುವುದಿಲ್ಲ ಎಂದಾಗ ಬಹಳ ಜನ ವಿಮಾನ ನಿಲ್ದಾಣದಿಂದ ವಾಪಸ್ ಬಂದರು. ಕೆಲಸ ಹುಡುಕುವ ಮೊದಲೇ ಇನಿಷಿಯಲ್ ಬಿಡಿಸಿ, ಹೆಸರು ಮತ್ತು ಸರ್‌ನೇಮ್ ಎರಡೂ ಬರುವಂತೆ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳಿ. ಎಲ್ಲ ಸರ್ಟಿಫಿಕೇಟ್‌ಗಳಲ್ಲೂ ಆಮೇಲೆ ಅದೇ ಹೆಸರು ಬರಲಿ. ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ದೇಶದಲ್ಲಿ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಮೊದಲು ತೆರೆದ ಊರುಗಳಲ್ಲಿ ಮೈಸೂರು ಒಂದು, 2017ರಲ್ಲೇ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗಕ್ಕೆ ಸೇರುತ್ತದೆ. ಕೊಲ್ಲಿ ದೇಶಗಳು, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ತಾಣದ ಮೂಲಕ ಆ ಅನುಮತಿ ಬೇಕು. ಅದರ ಜೊತೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ ಪ್ರೀಮಿಯಂ ಕೆಲವೇ ನೂರು ರೂಪಾಯಿ.

ಸರ್ಟಿಫಿಕೇಟ್‌ಗಳ ದೃಢೀಕರಣ?

ರಾಜ್ಯ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ ಹಾಕುವ ಅಪೊಸ್ಟಿಲ್ ಎಂಬ ಮುದ್ರೆ. ಆ ಮುದ್ರೆಯನ್ನು ಒಪ್ಪುವ ಹೇಗ್ ಒಪ್ಪಂದದ ದೇಶಗಳಿಗೆ ಅಷ್ಟು ಸಾಕು. ಯುಎಇ ಅದರಲ್ಲಿ ಇಲ್ಲದ ಕಾರಣ ಅಲ್ಲಿಗೆ ಅಪೊಸ್ಟಿಲ್ ಬದಲು ಸಚಿವಾಲಯದ ಸಾಮಾನ್ಯ ದೃಢೀಕರಣ, ಅದರ ಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ ಬೇಕು. ಪೊಲೀಸ್ ಕ್ಲಿಯರೆನ್ಸ್ ಅನ್ನು ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ಕೇಳಬಹುದು. ಆಫರ್ ಬಂದ ಮೇಲೆ ಮಾಡಿಸಿ, ಹಳೆಯದನ್ನು ಒಪ್ಪುವುದಿಲ್ಲ.

"ಗದ್ದೆ ಅಡವಿಟ್ಟು ಕೊಡ್ತೀನಿ, ಹೋಗು ಮಗ" ಅಂತಾರೆ ನಮ್ಮಪ್ಪ. ಏಜೆಂಟ್‌ಗೆ ಎಷ್ಟು ಕೊಡಬೇಕು?

ಗದ್ದೆ ಮುಟ್ಟಬೇಡಿ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ, 30,000 ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟ್ ನೋಂದಣಿ ನಿಜವೇ ಎಂದು ಇಮೈಗ್ರೇಟ್ ತಾಣದಲ್ಲಿ ಹೆಸರು ಹಾಕಿ ನೋಡಬಹುದು. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲೇ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಅಲ್ಲಿ ಮೊದಲು ವಿಚಾರಿಸಿ. ಹಣ ಕೊಟ್ಟರೆ ಬ್ಯಾಂಕ್ ಮೂಲಕ, ರಸೀದಿ ಪಡೆದು. ರಸೀದಿ ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಕಾಫಿ ಕುಡಿದು ಎದ್ದು ಬನ್ನಿ.

"ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡ್ತೀವಿ" ಅಂತಾರಲ್ಲ?

ಹೋಗಬೇಡಿ. ವಿಸಿಟ್ ವೀಸಾದಲ್ಲಿ ದುಡಿದರೆ ಸಂಬಳ ಕೊಡದಿದ್ದರೂ ದೂರು ಕೊಡಲು ನೀವೇ ಹೆದರುತ್ತೀರಿ. ಅವರಿಗೆ ಬೇಕಿರುವುದೂ ಅದೇ.

ಬಹುಭಾಷಿಕರಿಗೆ ಇನ್ನೊಂದು ಎಚ್ಚರಿಕೆ. ಥಾಯ್ಲೆಂಡ್‌ನಲ್ಲಿ "ಬಹುಭಾಷಾ ಗ್ರಾಹಕ ಸೇವೆ" ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲೋ, ಇಲ್ಲವೇ ಕಾಂಬೋಡಿಯಾ, ಲಾವೋಸ್‌ನಲ್ಲೋ ಸೈಬರ್ ವಂಚನೆಯ ಕೋಣೆಗಳಲ್ಲಿ ಕೂಡಿಹಾಕಿದ ಪ್ರಕರಣಗಳು ನೂರಾರು. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ವಾಪಸ್ ತರಬೇಕಾಯಿತು. ಇಂಗ್ಲಿಷ್, ಹಿಂದಿ ಜೊತೆ ಇನ್ನೊಂದು ಭಾಷೆ ಬಲ್ಲವರು ಇಂಥ ವಂಚಕರಿಗೆ ಬೇಕು. ಇಂಟರ್‌ವ್ಯೂ ಟೆಲಿಗ್ರಾಂನಲ್ಲಿ ಐದು ನಿಮಿಷದಲ್ಲಿ ಮುಗಿದು ಟಿಕೆಟ್ ಮರುದಿನವೇ ಬಂದರೆ, ಮನೆಯಲ್ಲೇ ಇರಿ.

ಅಲ್ಲಿ ಹೋದ ಮೇಲೆ ರಾಯಭಾರ ಕಚೇರಿಗೆ ತಿಳಿಸಬೇಕೇ?

ಹೌದು, ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ಹೆಸರು ನೋಂದಾಯಿಸಿ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದಿದ್ದರು, ಹುಣಸೂರು ಕಡೆಯವರೂ ಇದ್ದರು. ಆಪರೇಷನ್ ಕಾವೇರಿಯಲ್ಲಿ ಅವರನ್ನು ಕರೆತಂದರು. ಯಾರು ಎಲ್ಲಿದ್ದಾರೆ ಎಂದು ಗೊತ್ತಿದ್ದರೆ ಹುಡುಕುವುದು ಬೇಗ.

ಸಂಬಳ ಎಷ್ಟು ಬರಬಹುದು? ತೆರಿಗೆ?

ಒಂದು ಅಂಕಿ ಹೇಳಿದರೆ ಅದು ಸುಳ್ಳಾಗುತ್ತದೆ. ಆಫರ್‌ನಲ್ಲಿ ಮೂಲ ವೇತನ, ದಿನಭತ್ಯೆ, ವಸತಿ, ಊಟ, ವಿಮೆ, ವಾಪಸ್ ಟಿಕೆಟ್ ಬೇರೆ ಬೇರೆ ಬರೆದಿದೆಯೇ ನೋಡಿ. "ಟಿಪ್ಸ್ ಸೇರಿ" ಎಂಬ ಮೊತ್ತದಿಂದ ಟಿಪ್ಸ್ ತೆಗೆದು ಉಳಿದದ್ದೇ ಸಂಬಳ. ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ಹೊರಗಿನ ಗಳಿಕೆಯನ್ನೂ ಇಲ್ಲಿ ತೋರಿಸಬೇಕು. ಅರ್ಧ ವರ್ಷ ಅಲ್ಲಿ, ಅರ್ಧ ಇಲ್ಲಿ ಇರುವವರು ದಿನದ ಲೆಕ್ಕ ಇಟ್ಟುಕೊಂಡು ಆಡಿಟರ್ ಹತ್ತಿರ ಹೋಗಿ.

ಹೋಗುವ ಮೊದಲು ಇಲ್ಲಿನ ಗೈಡ್ ಕಾರ್ಡ್ ಏನು ಮಾಡಲಿ?

ಅವಧಿ ಮುಗಿಯುವುದಿದ್ದರೆ ನವೀಕರಿಸಿಯೇ ಹೋಗಿ. ನಿಮ್ಮನ್ನೇ ಕೇಳಿಕೊಂಡು ಬರುವ ಏಜೆನ್ಸಿಗಳಿಗೆ ಮೊದಲೇ ತಿಳಿಸಿ, ಅದೇ ಭಾಷೆ ಬಲ್ಲ ಇನ್ನೊಬ್ಬ ಗೈಡನ್ನು ನೀವೇ ಪರಿಚಯ ಮಾಡಿಸಿ. ನೀವಿಲ್ಲದಾಗ ಫ್ರೆಂಚ್ ಗುಂಪಿಗೆ ಇಂಗ್ಲಿಷ್ ಗೈಡ್ ಹೋಗಿ ದೂರು ಬಂದರೆ, ಮುಂದಿನ ಅಕ್ಟೋಬರ್‌ನಲ್ಲಿ ಆ ಏಜೆನ್ಸಿ ಫೋನ್ ಮಾಡುವುದು ಬೇರೆಯವರಿಗೆ.